ಕಡತದಿಂದ ನಯಾ ಪೈಸೆಗೆ

ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಕನ್ನಡ ನಾಡಿನ ವ್ಯಾಪಾರಿಗಳು, ಮಠಗಳು ಆದಾಯ-ಖರ್ಚನ್ನು ಬಳಪದಿಂದ ಬರೆದಿಟ್ಟದ್ದು ಇಂಥ ಕಪ್ಪು ಬಟ್ಟೆಯ ಮೇಲೆ. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ.

ಕಾಗದದ ಪುಸ್ತಕ ಬಂದರೂ ಮನೆಲೆಕ್ಕ ಹಗುರಾಗಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ! ಹಾಲು, ಸೊಪ್ಪು, ಎಣ್ಣೆಯ ಬಾಬ್ತು ಕೂಡಿಸುವಾಗ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೇ ಗತಿ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆಯಾಯಿತು. ನಾಲ್ಕಾಣೆ ಸರಿಯಾಗಿ 25 ಪೈಸೆ. ಒಂದಾಣೆ ಮಾತ್ರ ಆರೂಕಾಲು. ಆ ಕಾಲು ಪೈಸೆಗೆ ನಾಣ್ಯವೇ ಇರಲಿಲ್ಲ. ಒಂದಾಣೆ, ಎರಡಾಣೆಯ ಸಾಮಾನನ್ನು ಅಂದಂದಿಗೆ ಕೊಳ್ಳುವ ಬಡವರ ಮನೆಗಳಿಗೆ ಈ ತೊಡಕು ಸಣ್ಣದಲ್ಲ. ಹಳೆಯ ನಾಣ್ಯಗಳೂ ಕೆಲಕಾಲ ಜೊತೆಯಲ್ಲೇ ಓಡಾಡಿದವು. 1964ರಲ್ಲಿ ‘ನಯಾ’ ಕಳಚಿ, ಬರೀ ಪೈಸೆ ಉಳಿಯಿತು.