ಗುಡ್‌ವುಡ್‌ನ ಹಳೆಯ ಕಾರುಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಮೀಪದಲ್ಲಿ ಚಿಚೆಸ್ಟರ್ ಎಂಬ ಪ್ರಾಚೀನ ನಗರವಿದೆ. ಅದರ ಹೊರವಲಯದಲ್ಲಿರುವ ಗುಡ್‌ವುಡ್ ಎಂಬ ವಿಶಾಲವಾದ ಜಮೀನುದಾರಿ ಪ್ರದೇಶವು 1697ರಿಂದಲೂ ರಿಚ್‌ಮಂಡ್ ಡ್ಯೂಕರ ಮನೆತನದ ಸ್ವತ್ತು. ಪ್ರತಿವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ಮೂರು ದಿನಗಳ ಕಾಲ ಅಲ್ಲಿ 'ಗುಡ್‌ವುಡ್ ರಿವೈವಲ್' ಎಂಬ ಉತ್ಸವ ಜರುಗುತ್ತದೆ. 1966ರವರೆಗಿನ ಕಾಲಕ್ಕೆ ಸೇರಿದ ಪಂದ್ಯದ ಕಾರುಗಳು ಅಲ್ಲಿ ಬರಿದೆ ಮೆರವಣಿಗೆ ಹೊರಡುವುದಿಲ್ಲ; ನಿಜವಾಗಿಯೇ ಸ್ಪರ್ಧಿಸುತ್ತವೆ. 2019ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಮೊನ್ನೆ ದೂರವಾಣಿಯಲ್ಲಿ ಮಾತನಾಡಿದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಇತಿಹಾಸ ಪಾಠ ಮಾಡಿದ ನಿಮಗೂ ಕಾರಿನ ಓಟಕ್ಕೂ ಏನು ಸಂಬಂಧ?" ಎಂದು ನಗುತ್ತಾ ಕೇಳಿದ. ಅವನಿಗೆ ಕೊಡಬೇಕಾದ ಉತ್ತರ ದೀರ್ಘವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಆ ಓಟದ ಹಾದಿಯ ಹುಟ್ಟನ್ನು ಹೇಳಬೇಕು. ಒಂಬತ್ತನೆಯ ಡ್ಯೂಕ್ ಫ್ರೆಡರಿಕ್ ಗಾರ್ಡನ್-ಲೆನಾಕ್ಸ್ ಅವರು ಯೌವನದಲ್ಲಿ ಬೆಂಟ್ಲಿ ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡು ಕೆಲಸ ಕಲಿತವರು. ಬ್ರೂಕ್‌ಲ್ಯಾಂಡ್ಸ್‌ನ ಪ್ರಸಿದ್ಧ ಪಂದ್ಯಗಳಲ್ಲಿ ಗೆದ್ದವರು. ಎರಡನೆಯ ಮಹಾಯುದ್ಧ ಬಂದಾಗ ಅವರ ಜಮೀನಿನ ಒಂದು ಭಾಗದಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಾಯುಪಡೆಯ ನಿಲ್ದಾಣ ತಲೆಯೆತ್ತಿತು. 1940ರ ಬ್ರಿಟನ್ ಕದನದಲ್ಲಿ ಹರಿಕೇನ್ ಮತ್ತು ಸ್ಪಿಟ್‌ಫೈರ್ ವಿಮಾನಗಳು ಆ ಹುಲ್ಲುಗಾವಲಿನಿಂದಲೇ ಮೇಲೇರಿದವು. ಡಗ್ಲಸ್ ಬೇಡರ್ ಎಂಬ ವೈಮಾನಿಕನ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1931ರ ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು, ಕೃತಕ ಕಾಲುಗಳನ್ನು ತೊಟ್ಟು ಮತ್ತೆ ಯುದ್ಧವಿಮಾನ ಹಾರಿಸಿದ ಧೀರ ಆತ. 1941ರ ಆಗಸ್ಟ್ 9ರಂದು ವೆಸ್ಟ್‌ಹ್ಯಾಂಪ್‌ನೆಟ್‌ನಿಂದ ಹೊರಟವನು ಫ್ರಾನ್ಸಿನಲ್ಲಿ ಶತ್ರುಗಳ ಕೈಗೆ ಸೆರೆಸಿಕ್ಕ. ಈಗ ಅವನ ಪ್ರತಿಮೆಯೊಂದು ಅಲ್ಲಿದೆ.

ನಿಲ್ದಾಣದ ಅಂಚಿನಗುಂಟ, ವಿಮಾನಗಳನ್ನು ಚದುರಿಸಿ ನಿಲ್ಲಿಸುವ ಅನುಕೂಲಕ್ಕಾಗಿ, ಸುತ್ತುರಸ್ತೆಯೊಂದನ್ನು ಹಾಕಿದ್ದರು. ಬಿಡುವಿನ ವೇಳೆಯಲ್ಲಿ ತರುಣ ವೈಮಾನಿಕರು ಆ ರಸ್ತೆಯ ಮೇಲೆ ಕಾರುಗಳನ್ನು ವೇಗವಾಗಿ ಓಡಿಸುತ್ತಿದ್ದರು. ಅವರಲ್ಲೊಬ್ಬನಾದ ಆಸ್ಟ್ರೇಲಿಯದ ಟೋನಿ ಗೇಜ್, ಯುದ್ಧ ಮುಗಿದ ಮೇಲೆ ಇಲ್ಲಿಯೇ ಪಂದ್ಯ ನಡೆಸಬಾರದೇಕೆಂದು ಡ್ಯೂಕರನ್ನು ಕೇಳಿದನಂತೆ. ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಕಾರುಪಂದ್ಯಗಳ ತವರಾಗಿದ್ದ ಬ್ರೂಕ್‌ಲ್ಯಾಂಡ್ಸ್ ವಿಮಾನ ಕಾರ್ಖಾನೆಗಳ ಪಾಲಾಗಿ ಮತ್ತೆಂದೂ ತೆರೆಯಲಿಲ್ಲ. ಹೀಗೆ 1948ರ ಸೆಪ್ಟೆಂಬರ್ 18ರಂದು, ಸುಮಾರು 2.4 ಮೈಲಿ ಉದ್ದದ ಆ ಸುತ್ತುರಸ್ತೆಯೇ ಪಂದ್ಯದ ಹಾದಿಯಾಯಿತು. ಅಂದು ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದವರಲ್ಲಿ ಹಿಂದಿನ ದಿನವಷ್ಟೇ ಹತ್ತೊಂಬತ್ತು ತುಂಬಿದ್ದ ಸ್ಟರ್ಲಿಂಗ್ ಮಾಸ್ ಎಂಬ ಹುಡುಗನೂ ಇದ್ದ. ಸಿಲ್ವರ್‌ಸ್ಟೋನ್ ಕೂಡ ಇಂಥದೇ ಯುದ್ಧಕಾಲದ ವಿಮಾನ ನಿಲ್ದಾಣ. ನಮ್ಮ ಮದರಾಸಿನ ಬಳಿಯ ಶೋಲಾವರಂ ಮತ್ತೊಂದು ಉದಾಹರಣೆ. ಅಲ್ಲಿನ ಯುದ್ಧಕಾಲದ ರನ್‌ವೇ ಮೇಲೆ ಹಲವು ದಶಕ ಕಾರು, ಮೋಟಾರ್ ಸೈಕಲ್‌ಗಳ ಪಂದ್ಯ ನಡೆದವು. ನಾವು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಸಿರಿವಂತರ ಮಕ್ಕಳು ಶೋಲಾವರಂಗೆ ಹೋಗಿಬಂದು ವಾರಗಟ್ಟಲೆ ಅದನ್ನೇ ವರ್ಣಿಸುತ್ತಿದ್ದುದು ನೆನಪಿದೆ. ಬಾಂಬು ಹೊತ್ತ ವಿಮಾನಗಳಿಗೆಂದು ಹಾಕಿದ ರಸ್ತೆಗಳು ಹೀಗೆ ಎರಡೂ ದೇಶಗಳಲ್ಲಿ ಹುಡುಗರ ಆಟಕ್ಕೆ ಒದಗಿದವು.

ಆದರೆ ಆಟವೆಂದರೂ ಅದು ಪ್ರಾಣದೊಡನೆ ಆಡಿದ ಆಟ. 1962ರ ಏಪ್ರಿಲ್ 23ರಂದು, ಅಷ್ಟರಲ್ಲಿ ಜಗತ್ಪ್ರಸಿದ್ಧನಾಗಿದ್ದ ಅದೇ ಮಾಸ್‌ನ ಲೋಟಸ್ ಕಾರು ಸೇಂಟ್ ಮೇರೀಸ್ ಎಂಬ ತಿರುವಿನ ಬಳಿ ಹಾದಿ ತಪ್ಪಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಒಂದು ತಿಂಗಳು ಪ್ರಜ್ಞೆಯಿರಲಿಲ್ಲ. ಆರು ತಿಂಗಳು ದೇಹದ ಎಡಭಾಗ ಸ್ವಾಧೀನದಲ್ಲಿರಲಿಲ್ಲ. ಮೂವತ್ತೆರಡನೆಯ ವಯಸ್ಸಿಗೇ ಅವರ ವೃತ್ತಿಜೀವನ ಮುಗಿಯಿತು. ಕಾರುಗಳ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಅದನ್ನು ತಡೆಯಲು ಹಾದಿಗೆ ಇನ್ನಷ್ಟು ಅಡ್ಡ ತಿರುವುಗಳನ್ನು ಸೇರಿಸಬೇಕೆಂಬ ಸಲಹೆ ಬಂದಾಗ ಡ್ಯೂಕರು ಒಪ್ಪದೆ, 1966ರಲ್ಲಿ ಪಂದ್ಯಗಳನ್ನೇ ನಿಲ್ಲಿಸಿಬಿಟ್ಟರು. ತಾನೇ ಕಟ್ಟಿದ್ದನ್ನು, ಜನ ಇನ್ನೂ ಬರುತ್ತಿರುವಾಗಲೇ ಮುಚ್ಚುವ ಮನಸ್ಸು ಎಲ್ಲರಿಗೂ ಬರುವಂಥದಲ್ಲ. ಆ ಮನೆತನದ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವವೆನಿಸಿದ್ದು ಈ ಒಂದು ನಿರ್ಧಾರ. ಅನಂತರವೂ ಆ ಹಾದಿ ಹೊಸ ಕಾರುಗಳ ಪರೀಕ್ಷೆಗೆ ಬಳಕೆಯಾಯಿತು. 1970ರ ಜೂನ್ 2ರಂದು ಅಂಥದೊಂದು ಪರೀಕ್ಷೆಯಲ್ಲಿಯೇ ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಅಸುನೀಗಿದರು. ಅವರಿಗೂ ಮೂವತ್ತೆರಡೇ ವರ್ಷ. ಅವರ ಹೆಸರಿನ ತಂಡ ಇಂದಿಗೂ ಫಾರ್ಮುಲಾ ಒನ್ ಪಂದ್ಯಗಳಲ್ಲಿದೆ.

ಅಜ್ಜ ಮುಚ್ಚಿದ ಬಾಗಿಲನ್ನು ತೆರೆದವರು ಮೊಮ್ಮಗ. ಈಗ ಹನ್ನೊಂದನೆಯ ಡ್ಯೂಕರಾಗಿರುವ ಚಾರ್ಲ್ಸ್ ಗಾರ್ಡನ್-ಲೆನಾಕ್ಸ್ ಅವರು ಮೊದಲು 1993ರಲ್ಲಿ ತಮ್ಮ ಮನೆಯ ಮುಂದಿನ ದಾರಿಯಲ್ಲಿಯೇ ಕಾರುಗಳನ್ನು ದಿಣ್ಣೆ ಹತ್ತಿಸುವ 'ಫೆಸ್ಟಿವಲ್ ಆಫ್ ಸ್ಪೀಡ್' ಎಂಬ ಮತ್ತೊಂದು ಉತ್ಸವವನ್ನು ಆರಂಭಿಸಿದರು. ಬಳಿಕ ಹಳೆಯ ಹಾದಿಯನ್ನು ಅದರ ಅಂದಿನ ರೂಪಕ್ಕೇ ತಂದು, 1998ರ ಸೆಪ್ಟೆಂಬರ್ 18ರಂದು, ಸರಿಯಾಗಿ ಐವತ್ತು ವರ್ಷಗಳ ಅನಂತರ, ರಿವೈವಲ್ ಉತ್ಸವಕ್ಕೆ ಚಾಲನೆ ಕೊಟ್ಟರು. ಸ್ಟರ್ಲಿಂಗ್ ಮಾಸ್ ಅವರು ತಮ್ಮನ್ನು ಮುರಿದ ಆ ಹಾದಿಯಲ್ಲಿ ಮುಪ್ಪಿನಲ್ಲಿ ಮತ್ತೆ ಕಾರು ಓಡಿಸಿದರು. 2020ರಲ್ಲಿ ಅವರು ನಿಧನರಾದರು.

ಉತ್ಸವದ ಆವರಣದೊಳಗೆ ಹೊಸ ಕಾಲದ ವಾಹನಗಳಿಗೆ ಪ್ರವೇಶವಿಲ್ಲ. ಪ್ರೇಕ್ಷಕರಲ್ಲಿಯೂ ಬಹುಪಾಲು ಜನ ನಲವತ್ತು, ಐವತ್ತು, ಅರವತ್ತರ ದಶಕಗಳ ಉಡುಪಿನಲ್ಲಿಯೇ ಬರುತ್ತಾರೆ. ಅಳಿಯಂದಿರು ನನಗೊಂದು ಹಳೆಯ ಹ್ಯಾಟು ಹೊಂದಿಸಿದ್ದರು. ನನ್ನ ಶ್ರೀಮತಿಯವರು ಮೈಸೂರು ರೇಷ್ಮೆ ಸೀರೆಯಲ್ಲಿದ್ದರು. ಅದು ಯಾವ ದಶಕಕ್ಕೂ ಸಲ್ಲುವ ಉಡುಪಾದ್ದರಿಂದ ಅವರಿಗೆ ವೇಷದ ಚಿಂತೆಯೇ ಇರಲಿಲ್ಲ. ಸುತ್ತಲೂ ನಗುತ್ತಾ ಓಡಾಡುತ್ತಿದ್ದ ವಾಯುಪಡೆಯ ಸಮವಸ್ತ್ರದವರನ್ನೂ ದಾದಿಯರ ಉಡುಪಿನವರನ್ನೂ ಕಂಡು ನನ್ನೊಳಗಿನ ಮೇಷ್ಟರಿಗೆ ಸ್ವಲ್ಪ ಇರಿಸುಮುರಿಸಾಯಿತು. ನಿಜವಾದ 1948ರಲ್ಲಿ ಆ ದೇಶದಲ್ಲಿ ಪೆಟ್ರೋಲಿಗೆ ಪಡಿತರವಿತ್ತು, ಆ ವರ್ಷದ ಜುಲೈವರೆಗೆ ಬ್ರೆಡ್ಡಿಗೂ ಪಡಿತರವಿತ್ತು. ಗತಕಾಲದ ಹಸಿವನ್ನು ಬಿಟ್ಟು ಅದರ ಅಂಗಿಯನ್ನು ಮಾತ್ರ ತೊಡುವುದು ಸುಲಭ.

ಆದರೂ ಓಟ ಶುರುವಾದಾಗ ಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳು ದೊರಕಿದವು. ಕೆಲವು ಹಳೆಯ ಕಾರುಗಳು ಹಾದುಹೋದಾಗ ಗಾಳಿಯಲ್ಲಿ ಬಂದದ್ದು ಅಪ್ಪಟ ಹರಳೆಣ್ಣೆಯ ವಾಸನೆ! ನಾನೂ ಶ್ರೀಮತಿಯವರೂ ಮುಖಮುಖ ನೋಡಿಕೊಂಡೆವು. ಕಾದ ಲೋಹಕ್ಕೆ ಬಿಡದೆ ಅಂಟಿಕೊಳ್ಳುವ ಗುಣವಿರುವುದರಿಂದ ಹಿಂದೆ ವಿಮಾನಗಳ ಎಂಜಿನ್ನಿಗೂ ಪಂದ್ಯದ ಕಾರುಗಳಿಗೂ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ. ಶನಿವಾರದ ಎಣ್ಣೆಸ್ನಾನದ ವಾಸನೆಯನ್ನು ಸಸೆಕ್ಸ್‌ನ ಬಯಲಿನಲ್ಲಿ, ಆ ಗುಡುಗಿನಂಥ ಸದ್ದಿನ ನಡುವೆ ಅನುಭವಿಸುವುದೆಂದರೇನೆಂದು ಹೇಗೆ ವಿವರಿಸಲಿ? ಕಾರುಗಳ ಬೆಲೆ, ಗೆದ್ದವರ ಹೆಸರುಗಳ ಬಗ್ಗೆ ಅಳಿಯಂದಿರು ಬಹಳಷ್ಟು ಹೇಳಿದರು. ಫೆರಾರಿಯ 250 ಜಿಟಿಓ ಎಂಬ ಮಾದರಿಯ ಒಂದು ಕಾರು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತಂತೆ. ಅದರ ಮೇಲೆ ನನಗೆ ಹೆಚ್ಚಿನ ಆಸಕ್ತಿ ಹುಟ್ಟಲಿಲ್ಲ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಕ್ಕಳ ಪಂದ್ಯ. ಅದಕ್ಕೆ ಸೆಟ್ರಿಂಗ್ಟನ್ ಕಪ್ ಎಂದು ಹೆಸರು. ಬಿಳಿಯ ಮೇಲಂಗಿ ತೊಟ್ಟ ಪುಟಾಣಿಗಳು ರಸ್ತೆಯ ಒಂದು ಬದಿಯಿಂದ ಓಡಿಬಂದು, ಎದುರು ಬದಿಯಲ್ಲಿ ಸಾಲಾಗಿ ನಿಲ್ಲಿಸಿದ ಪೆಡಲ್ ಕಾರುಗಳನ್ನು ಹತ್ತಿ, ಪುಟ್ಟ ಕಾಲುಗಳಿಂದ ಶಕ್ತಿಮೀರಿ ತುಳಿಯುತ್ತಾರೆ. ಆ ದಿನದ ಅತ್ಯಂತ ದೊಡ್ಡ ಚಪ್ಪಾಳೆ ಅವರಿಗೇ. ಆ ಕಾರುಗಳ ಹೆಸರು ಆಸ್ಟಿನ್ ಜೆ40. ಅವು ಆಟಿಕೆಗಳಾದರೂ ತಗಡಿನ ಗಟ್ಟಿಮುಟ್ಟಾದ ಮೈ, ಉರಿಯುವ ದೀಪ, ಕೂಗುವ ಹಾರ್ನು, ತೆರೆಯುವ ಬಾನೆಟ್ಟು ಎಲ್ಲವೂ ಇವೆ. ಅವುಗಳ ತಯಾರಿಕೆಯ ಕಥೆಯನ್ನು ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಹೇಳಿದರು. ಮನೆಗೆ ಬಂದ ಮೇಲೆ ನಾನೂ ಓದಿ ಖಚಿತಪಡಿಸಿಕೊಂಡೆ.

ವೇಲ್ಸ್ ಪ್ರಾಂತದ ಬಾರ್ಗೋಡ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ 1949ರ ಜುಲೈ ತಿಂಗಳಿನಲ್ಲಿ, ಸರ್ಕಾರದ ನೆರವಿನಿಂದ, ಆಸ್ಟಿನ್ ಸಂಸ್ಥೆಯು ಒಂದು ಕಾರ್ಖಾನೆ ತೆರೆಯಿತು. ಲಾಭ ಅದರ ಉದ್ದೇಶವಾಗಿರಲಿಲ್ಲ. ಕಲ್ಲಿದ್ದಲಿನ ಧೂಳು ಶ್ವಾಸಕೋಶದಲ್ಲಿ ತುಂಬಿಕೊಂಡು, ಮತ್ತೆ ಗಣಿಗೆ ಇಳಿಯಲಾರದಂತಾದ ಕಾರ್ಮಿಕರಿಗೆ ಕೆಲಸ ಕೊಡಲೆಂದೇ ಅದನ್ನು ಕಟ್ಟಿದ್ದರು. ಲಾಂಗ್‌ಬ್ರಿಜ್‌ನ ದೊಡ್ಡ ಕಾರ್ಖಾನೆಯಲ್ಲಿ ಮಿಕ್ಕ ತಗಡಿನ ಚೂರುಗಳಿಂದ ಈ ಪುಟ್ಟ ಕಾರುಗಳು ತಯಾರಾದವು. 1971ರಲ್ಲಿ ತಯಾರಿಕೆ ನಿಲ್ಲುವವರೆಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು.

ಇದನ್ನು ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ಬಂಗಾರಪೇಟೆಯ ಸುತ್ತಮುತ್ತ ಕಳೆದ ನನ್ನ ಅಧ್ಯಾಪನದ ಮೊದಲ ವರ್ಷಗಳು. ಆ ತರಗತಿಗಳಲ್ಲಿ ಕುಳಿತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಕೋಲಾರದ ಚಿನ್ನದ ಗಣಿಯನ್ನು 1880ರಿಂದ 1956ರಲ್ಲಿ ಸರ್ಕಾರ ವಹಿಸಿಕೊಳ್ಳುವವರೆಗೆ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅಲ್ಲಿ ಕಲ್ಲಿದ್ದಲಿನ ಬದಲು ಕಲ್ಲಿನ ಧೂಳು. ರೋಗದ ಹೆಸರು ಸಿಲಿಕೋಸಿಸ್. ಹಾಜರಿ ಕರೆಯುವಾಗ ಬಾರದ ಹುಡುಗನ ವಿಷಯ ಕೇಳಿದರೆ, "ಅವರಪ್ಪನಿಗೆ ಕೆಮ್ಮು ಜಾಸ್ತಿಯಾಗಿದೆ ಸಾರ್" ಎಂಬ ಉತ್ತರ ಎಷ್ಟು ಬಾರಿ ಬಂದಿದೆಯೋ ಲೆಕ್ಕವಿಲ್ಲ. ಕೆಲವರು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಮನೆಯ ಹೊರೆ ಹೊತ್ತರು. ಉಸಿರು ಸೋತ ಆ ತಂದೆಯರು ಕುಳಿತು ಕೆಲಸ ಮಾಡಬಹುದಾದ ಇಂಥದೊಂದು ಕಾರ್ಖಾನೆಯನ್ನು ಆ ವರ್ಷಗಳಲ್ಲಿ ನಾನು ಅಲ್ಲಿ ಕಾಣಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು.

ಪಂದ್ಯ ಮುಗಿದ ಮೇಲೆ ಆ ವೃದ್ಧರು ತಮ್ಮ ಮೊಮ್ಮಗಳ ಕಾರಿನ ಬಳಿಗೆ ನಮ್ಮನ್ನು ಕರೆದೊಯ್ದರು. ಹುಡುಗಿಗೆ ಏಳು ವರ್ಷವಿದ್ದೀತು. ಬಹುಮಾನ ಬರಲಿಲ್ಲವೆಂದು ಮುಖ ಸಪ್ಪಗಾಗಿತ್ತು. ಅವರು ಬಾನೆಟ್ಟನ್ನು ಎತ್ತಿ ಒಳಗಿನ ತಗಡಿನ ಅಂಚನ್ನು ತೋರಿಸಿದರು. ನಾನು ಬೆರಳಾಡಿಸಿ ನೋಡಿದೆ. ಮಗುವಿನ ಕೈಗೆ ತರಚದಂತೆ ಯಾರೋ ಅದನ್ನು ಒಳಕ್ಕೆ ಮಡಿಸಿ ನುಣುಪಾಗಿ ಉಜ್ಜಿದ್ದರು. ಶ್ರೀಮತಿಯವರು ಹುಡುಗಿಯನ್ನು ಹಾರ್ನು ಕೂಗುತ್ತದೆಯೇ ಎಂದು ಕೇಳಿದರು. ಅವಳು ಒತ್ತಿ ತೋರಿಸಿದಳು.