ಕೈಯ ಬಣ್ಣ ಕೇಳಿದ್ದು ಯಾರು?

ಹೆಣ್ಣಿನ ಬೆರಳು ನಾಜೂಕು, ಹಲ್ಲು ಕೀಳೋಕೆ ಆಗೋದಿಲ್ಲ ಅಂದರು ಅಮೆರಿಕದ ಗಂಡಸರು. ಬಟ್ಟೆ ಒಗೆಯುವಾಗ, ಹತ್ತಿ ಬಿಡಿಸುವಾಗ ಅದೇ ಬೆರಳು ನಾಜೂಕಾಗಿರಲಿಲ್ಲವೇನು? ನಾವು ಕೇಳುತ್ತೇವೆ.

1861ರಲ್ಲಿ ಸಿನ್ಸಿನಾಟಿಯ ದಂತವೈದ್ಯ ಕಾಲೇಜು ಲೂಸಿ ಹಾಬ್ಸ್‌ಗೆ ಬಾಗಿಲು ಹಾಕಿತು. ಆಕೆ ಅಳುತ್ತ ಕೂರಲಿಲ್ಲ. ಪದವಿ ಇಲ್ಲದೆಯೇ ದವಾಖಾನೆ ತೆರೆದು ದುಡಿದಳು. 1866ರಲ್ಲಿ ಅದೇ ಕಾಲೇಜು ಪದವಿ ಕೊಡಬೇಕಾಯಿತು. ದಂತವೈದ್ಯ ಪದವಿ ಪಡೆದ ಮೊದಲ ಹೆಣ್ಣು ಈಕೆ.

ಅಲ್ಲಿ ಕಪ್ಪು ಹೆಣ್ಣೊಬ್ಬಳು ಆ ಪದವಿ ಹಿಡಿಯಲು ಇನ್ನೂ 24 ವರ್ಷ ಬೇಕಾಯಿತು. ತಬ್ಬಲಿ ಐಡಾ ಗ್ರೇ ದಂತವೈದ್ಯರ ಬಳಿ ಕೆಲಸಕ್ಕಿದ್ದು ಕಲಿತವಳು. 1890ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಗೆದ್ದಳು. ಸಿನ್ಸಿನಾಟಿಯಲ್ಲಿ, ಆಮೇಲೆ ಶಿಕಾಗೋದಲ್ಲಿ ಕಪ್ಪು ಬಿಳುಪು ಎನ್ನದೆ ಎಲ್ಲರ ನೋವಿಗೂ ಕೈ ಹಚ್ಚಿದಳು.

ನೋಯುವ ಬಾಯಿ ಕೈಯ ಬಣ್ಣ ಕೇಳೋದಿಲ್ಲ. ಕೇಳಿದ್ದು ಕಾಲೇಜಿನ ಬಾಗಿಲು. ಅದನ್ನು ನಾವು ಮರೆಯಬಾರದು.