ಉಣ್ಣೆಯ ಉಡುಪಿನ ಶುದ್ಧಿವಿಚಾರ

ಕೋಟಿನ ಕೊರಳಪಟ್ಟಿಯ ಒಳಗೆ ಹೊಲಿದಿರುವ ಅಂಗುಲದಷ್ಟು ಚೀಟಿಯೊಂದು ಗೃಹಸ್ಥರನ್ನು ಬಹಳವಾಗಿ ಬೆದರಿಸುತ್ತದೆ. “ಡ್ರೈಕ್ಲೀನ್ ಮಾತ್ರ” ಎಂಬುದು ಅದರ ಶಾಸನ. ಅದನ್ನು ಓದಿದವರಲ್ಲಿ ಕೆಲವರು ಕೋಟನ್ನು ಅಂಗಡಿಗೆ ಒಯ್ಯುತ್ತಾರೆ. ಕೆಲವರು ಖರ್ಚಿಗಂಜಿ ಬೆವರಿನ ಕೊಳೆಯೊಡನೆಯೇ ಪೆಟ್ಟಿಗೆಯಲ್ಲಿರಿಸಿ ನುಸಿಗೆ ಆಹಾರ ಮಾಡುತ್ತಾರೆ. ಸಾಹಸಿಗಳು ಬಿಸಿನೀರಿನಲ್ಲಿ ಅದ್ದಿ ತಿಕ್ಕಿ, ತಂದೆಯ ಕಾಲದ ಕೋಟನ್ನು ಬಾಲಕನ ಅಳತೆಗೆ ಇಳಿಸಿ ಪಶ್ಚಾತ್ತಾಪಪಡುತ್ತಾರೆ. ಹಾಗಾದರೆ ನೀರು ಉಣ್ಣೆಗೆ ನಿಜವಾಗಿಯೂ ವೈರಿಯೆ? ಈ ಅಂಗಡಿಗಳು ಹುಟ್ಟುವುದಕ್ಕೆ ಮುಂಚೆ ಜನರು ಬೆಲೆಯುಳ್ಳ ಉಡುಪನ್ನು ಹೇಗೆ ಶುಚಿಗೊಳಿಸುತ್ತಿದ್ದರು? ಈ ಪ್ರಶ್ನೆಗಳಿಗೆ ಇತಿಹಾಸವು ಕೊಡುವ ಉತ್ತರವು ವಿಚಾರಾರ್ಹವಾದುದು.

ನಮ್ಮ ಧರ್ಮಶಾಸ್ತ್ರಗಳ ದ್ರವ್ಯಶುದ್ಧಿಪ್ರಕರಣದಲ್ಲಿ ವಸ್ತ್ರಗಳ ವಿಷಯವು ಬಂದಿದೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಎಲ್ಲ ಬಟ್ಟೆಗೂ ಒಂದೇ ವಿಧಿಯನ್ನು ಹೇಳುವುದಿಲ್ಲ. ರೇಷ್ಮೆಗೂ ಕುರಿಯ ಉಣ್ಣೆಗೂ ಚೌಳು ಮಣ್ಣು. ಕುತಪವೆಂಬ ಆಡಿನ ಕೂದಲ ಕಂಬಳಿಗೆ ಅಂಟುವಾಳಕಾಯಿ. ಅಂಶುಪಟ್ಟವೆಂಬ ನವುರಾದ ಬಟ್ಟೆಗೆ ಬಿಲ್ವದ ಕಾಯಿ. ನಾರಿನ ಕ್ಷೌಮಕ್ಕೆ ಬಿಳಿಯ ಸಾಸುವೆ. ಯಾಜ್ಞವಲ್ಕ್ಯನು ಇದೇ ಕ್ರಮವನ್ನು ಅನುಸರಿಸಿ, ಉಣ್ಣೆಗೆ ಚೌಳುನೀರಿನೊಡನೆ ಗೋಮೂತ್ರವನ್ನೂ ಸೇರಿಸುತ್ತಾನೆ. ಸ್ಮೃತಿಕಾರರ ದೃಷ್ಟಿಯು ಆಚಾರಶುದ್ಧಿಯ ಮೇಲಿದ್ದಿತೆಂಬುದು ನಿಜ. ಆದರೂ ಬಟ್ಟೆಯ ಜಾತಿಯನ್ನು ಅರಿತು ಅದಕ್ಕೆ ತಕ್ಕ ಶೋಧಕವನ್ನು ಆರಿಸಬೇಕೆಂಬ ಲೋಕಾನುಭವವು ಅಲ್ಲಿ ಸ್ಪಷ್ಟವಾಗಿ ಅಡಗಿದೆ.

ಇದಕ್ಕಿಂತಲೂ ಮುಖ್ಯವಾದ ಮಾತು ಕನ್ನಡ ನಾಡಿನಲ್ಲಿ ರಚಿತವಾದ ಗ್ರಂಥವೊಂದರಲ್ಲಿ ದೊರೆಯುತ್ತದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ವಸ್ತ್ರಶುದ್ಧಿಯ ಸಂದರ್ಭದಲ್ಲಿ ಅವನು ದೇವಲನ ವಚನಗಳನ್ನು ಉದಾಹರಿಸುತ್ತಾನೆ. ಅವುಗಳ ತಾತ್ಪರ್ಯವಿಷ್ಟು: ಉಣ್ಣೆ, ರೇಷ್ಮೆ ಮುಂತಾದ ಬಟ್ಟೆಗಳು ಅಲ್ಪಶೌಚದವು, ಒಣಗಿಸುವುದು, ನೀರು ಚಿಮುಕಿಸುವುದು ಇಷ್ಟರಿಂದಲೇ ಶುದ್ಧವಾಗುತ್ತವೆ. ಕೊಳೆಯು ನಿಜವಾಗಿ ಹತ್ತಿದ್ದರೆ ಮಾತ್ರ ಅವುಗಳಿಗೆ ತಕ್ಕ ಶೋಧಕಗಳಿಂದ ತೊಳೆಯಬೇಕು. ಹತ್ತಿ ತುಂಬಿದ ಹಾಸಿಗೆ, ದಿಂಬು, ಹೂವಿನ ಬಣ್ಣ ಕಟ್ಟಿದ ಬಟ್ಟೆ ಇವುಗಳನ್ನು ಸ್ವಲ್ಪ ಬಿಸಿಲಿಗೆ ಹಾಕಿ, ಕೈಯಿಂದ ಮತ್ತೆ ಮತ್ತೆ ಒರಸಿ, ಬಳಿಕ ನೀರು ಚಿಮುಕಿಸಿ ಬಳಸಬಹುದು. ಒಳಗೆ ತುಂಬಿದ ವಸ್ತುವುಳ್ಳದ್ದನ್ನು ನೀರಿನಲ್ಲಿ ಮುಳುಗಿಸುವುದು ಬೇರೆ, ಬರಿಯ ಬಟ್ಟೆಯನ್ನು ಮುಳುಗಿಸುವುದು ಬೇರೆ ಎಂಬ ವಿವೇಕವು ಇಲ್ಲಿದೆ. ಇಂದಿನ ಕೋಟಿನ ಕಷ್ಟವೆಲ್ಲವೂ ಈ ಭೇದದಲ್ಲಿಯೇ ಇರುವುದು ಮುಂದೆ ತಿಳಿಯುತ್ತದೆ.

ಬಟ್ಟೆಯನ್ನು ಪರರ ಕೈಗೆ ಒಪ್ಪಿಸಿದಾಗ ಏನು ಗತಿ? ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ನಿಯಮಗಳನ್ನು ಕೊಡುತ್ತದೆ. ಅಗಸನು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆ ಕಡೆ ಒಗೆದು ಬಟ್ಟೆಯು ಹಾಳಾದರೆ ನಷ್ಟವನ್ನು ತೆತ್ತು 6 ಪಣ ದಂಡವನ್ನೂ ಕೊಡಬೇಕು. ಒಡೆಯರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ 12 ಪಣ ದಂಡ. ಹಿಂದಿರುಗಿಸುವ ಅವಧಿಯೂ ಬಟ್ಟೆಯಂತೆ ಬೇರೆ ಬೇರೆ. ಹೆಚ್ಚು ಎಚ್ಚರಿಕೆಯನ್ನು ಬೇಡುವ ಉತ್ತಮ ವಸ್ತ್ರಕ್ಕೆ 7 ರಾತ್ರಿಗಳ ಕಾಲಾವಕಾಶ.

ಈ ಎಚ್ಚರಿಕೆಗೆ ಕಾರಣವು ಉಣ್ಣೆಯ ಸ್ವಭಾವದಲ್ಲಿದೆ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆಯಂತೆ ಸೂಕ್ಷ್ಮವಾದ ಪದರಗಳಿವೆ. ನೀರು, ಶಾಖ, ತಿಕ್ಕಾಟ ಮೂರೂ ಕೂಡಿದಾಗ ಎಳೆಗಳು ಒಂದರೊಳಗೊಂದು ಸಿಕ್ಕಿ, ಹಿಂದಕ್ಕೆ ಜಾರಲಾರದೆ, ಬಟ್ಟೆಯು ಕುಗ್ಗಿ ದಪ್ಪವಾಗುತ್ತದೆ. ಹೀಗೆ ಕೆಡಿಸುವುದು ನೀರೊಂದೇ ಅಲ್ಲ, ನೀರಿನೊಡನೆ ಸೇರುವ ಬಿಸಿ ಮತ್ತು ಬಲಾತ್ಕಾರ. ಕ್ಷಾರವು ತೀಕ್ಷ್ಣವಾದರೆ ಎಳೆಯನ್ನೇ ಕ್ಷಯಿಸುತ್ತದೆ. ಆದುದರಿಂದ ಪ್ರಾಚೀನರ ವಿಧಿಗಳನ್ನೂ ಪರೀಕ್ಷಿಸದೆ ಅಂಗೀಕರಿಸತಕ್ಕದ್ದಲ್ಲ. ಜಿಡ್ಡು ಬಿಡಿಸಲು ಚೌಳು ಮಣ್ಣೂ ಮೂತ್ರವೂ ಉಪಯೋಗಕ್ಕೆ ಬಂದುವೆಂಬುದು ಸತ್ಯ. ಪ್ರಾಚೀನ ರೋಮಿನ ಮಡಿವಾಳರೂ ಹಳಸಿದ ಮೂತ್ರವನ್ನೇ ಬಳಸುತ್ತಿದ್ದರು. ಆದರೆ ಇಂದಿನ ಜ್ಞಾನವು ಚೌಳಿಗಿಂತ ಮೃದುವಾದ ಅಂಟುವಾಳದ ಪಕ್ಷವನ್ನೇ ಹಿಡಿಯುತ್ತದೆ. ಸಾಬೂನಿನಂತೆ ನೊರೆಗಟ್ಟುವ ಅದರ ಸತ್ತ್ವದಲ್ಲಿ ಸೋಡದ ತೀಕ್ಷ್ಣತೆಯಿಲ್ಲ.

ನೀರಿಲ್ಲದೆ ಕೊಳೆ ತೆಗೆಯುವ ವೃತ್ತಿಯು ಹತ್ತೊಂಬತ್ತನೆಯ ಶತಮಾನದ್ದು. ನ್ಯೂಯಾರ್ಕಿನ ಥಾಮಸ್ ಜೆನ್ನಿಂಗ್ಸ್ ಎಂಬ ನೀಗ್ರೋ ಜನಾಂಗದ ದರ್ಜಿಯು 1821ರಲ್ಲಿ ಒಣಶೋಧನೆಯ ಕ್ರಮವೊಂದಕ್ಕೆ ಅಮೆರಿಕದ ಪೇಟೆಂಟನ್ನು ಪಡೆದನು. ಆ ಜನಾಂಗದಲ್ಲಿ ಪೇಟೆಂಟ್ ಪಡೆದ ಮೊದಲಿಗನೆಂದು ಅವನನ್ನು ಎಣಿಸುತ್ತಾರೆ. ಮುಂದೆ ಪ್ಯಾರಿಸಿನಲ್ಲಿ ಜೋಲಿ ಎಂಬವನು ಇದನ್ನೇ ದೊಡ್ಡ ವ್ಯಾಪಾರವನ್ನಾಗಿ ಬೆಳಸಿದನು. ಮೇಜಿನ ಹಾಸಿನ ಮೇಲೆ ದೀಪದ ಎಣ್ಣೆ ಚೆಲ್ಲಿದ ಸ್ಥಳವೇ ಶುಚಿಯಾದುದನ್ನು ಅವನು ಕಂಡನೆಂದು ಕಥೆ. ಹೆಸರು ‘ಒಣ’ ಎಂದಿದ್ದರೂ ಬಟ್ಟೆಯು ದ್ರವದಲ್ಲಿ ಪೂರ್ತಿಯಾಗಿ ನೆನೆಯುತ್ತದೆ. ಆ ದ್ರವವು ನೀರಲ್ಲವೆಂಬುದಷ್ಟೇ ವಿಶೇಷ. ಜಿಡ್ಡು ಅದರಲ್ಲಿ ಕರಗುತ್ತದೆ, ಎಳೆಯು ನೀರಿನಲ್ಲಿ ಉಬ್ಬುವಂತೆ ಉಬ್ಬುವುದಿಲ್ಲ. ಆದರೆ ಬೆವರಿನ ಉಪ್ಪು ಅದರಲ್ಲಿ ಸುಲಭವಾಗಿ ಬಿಡದು.

ಟರ್ಪೆಂಟೈನ್, ಬೆಂಜೀನ್, ಪೆಟ್ರೋಲುಗಳು ಬೆಂಕಿಗೆ ಒಳಗಾಗುವ ದ್ರವಗಳಾದುದರಿಂದ ಆ ಕಾರ್ಖಾನೆಗಳಲ್ಲಿ ಅಗ್ನಿಭಯವು ತಪ್ಪಲಿಲ್ಲ. 1930ರ ದಶಕದಲ್ಲಿ, ಹೊತ್ತಿಕೊಳ್ಳದ ಪರ್‌ಕ್ಲೋರೋಎಥಿಲೀನ್ ಬಳಕೆಗೆ ಬಂದಿತು. ಮೈಕೇಲ್ ಫ್ಯಾರಡೆಯು ಅದನ್ನು ಮೊದಲು ತಯಾರಿಸಿದುದೂ 1821ರಲ್ಲಿಯೇ. ಬೆಂಕಿಯ ಭಯವು ಕಳೆಯಿತು, ವಿಷದ ಭಯವು ಉಳಿಯಿತು. ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಿಗೆ ಬಹುಶಃ ಅರ್ಬುದಕಾರಕವೆಂಬ ವರ್ಗದಲ್ಲಿರಿಸಿದೆ. ಒಣಶೋಧನೆಯಲ್ಲಿ ಅದನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಕೋಟು ತೊಡುವವನ ಶುಚಿತ್ವಕ್ಕಾಗಿ ಯಂತ್ರದ ಬಳಿಯಲ್ಲಿ ನಿಂತ ಕೂಲಿಗಾರನು ವರ್ಷಗಟ್ಟಲೆ ಆ ಆವಿಯನ್ನು ಸೇವಿಸಬೇಕಾಯಿತೆಂಬುದು ಮರೆಯತಕ್ಕ ಸಂಗತಿಯಲ್ಲ.

ಇನ್ನು ಆ ಚೀಟಿಯ ವಿಚಾರ. ಅಮೆರಿಕದಲ್ಲಿ ಉಡುಪಿಗೆ ಇಂಥ ಸೂಚನೆಯನ್ನು ಹೊಲಿಯಲೇಬೇಕೆಂಬ ನಿಯಮವು 1971ರಲ್ಲಿ ಹುಟ್ಟಿತು. ಅದರಂತೆ “ಡ್ರೈಕ್ಲೀನ್” ಎಂದಷ್ಟೇ ಇದ್ದರೆ, ಅದೊಂದು ಕ್ಷೇಮವಾದ ಮಾರ್ಗವೆಂದು ಅರ್ಥ, ಬೇರೆ ಮಾರ್ಗವಿಲ್ಲವೆಂದಲ್ಲ. “ಮಾತ್ರ” ಎಂದು ಸೇರಿಸುವವನಲ್ಲಿ, ನೀರಿನಿಂದ ಹಾನಿಯಾಗುವುದೆಂಬುದಕ್ಕೆ ಆಧಾರವಿರಬೇಕು. ನಮ್ಮ ಶಾಸ್ತ್ರಿಗಳು ವಾಕ್ಯದಲ್ಲಿ ಏವಕಾರವಿದೆಯೆ ಇಲ್ಲವೆ ಎಂದು ನೋಡಿ ಅರ್ಥ ಮಾಡುವಂತೆ, ಚೀಟಿಯಲ್ಲಿಯೂ ಈ ಪದವನ್ನು ನೋಡಬೇಕು. ಆಧಾರವು ಅನೇಕ ವೇಳೆ ಹೊರಗಣ ಉಣ್ಣೆಯಲ್ಲಿಲ್ಲ, ಒಳಗಣ ಕಟ್ಟಡದಲ್ಲಿದೆ. ಎದೆಯ ಭಾಗದ ಕ್ಯಾನ್ವಾಸು, ಹೆಗಲಿನ ಪ್ಯಾಡು, ಅಂಟಿನಿಂದ ಕೂಡಿಸಿದ ಒಳಬಟ್ಟೆ, ರೇಯಾನಿನ ಅಸ್ತರು ಇವೆಲ್ಲವೂ ನೀರಿನಲ್ಲಿ ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತವೆ; ಕೋಟಿನ ಆಕಾರವು ಕೆಡುತ್ತದೆ. ಇದು ದೇವಲನು ಹೇಳಿದ ದಿಂಬಿನ ನ್ಯಾಯವೇ ಸರಿ. 1990ರ ದಶಕದ ಆರಂಭದಲ್ಲಿ ಜರ್ಮನಿಯವರು ಅಳತೆಯ ನೀರು, ಅಳತೆಯ ಚಲನೆ, ಅಳತೆಯ ಶಾಖಗಳಿಂದ ಇಂಥ ಉಡುಪುಗಳನ್ನೇ ತೊಳೆಯುವ ಯಂತ್ರಗಳನ್ನು ತಂದುದು, ನೀರು ಸ್ವತಃ ಅಪರಾಧಿಯಲ್ಲವೆಂಬುದಕ್ಕೆ ಪ್ರಮಾಣ.

ಆದುದರಿಂದ ಮನೆಯಲ್ಲಿ ಅನುಸರಿಸತಕ್ಕ ಕ್ರಮವೂ ಹಿಂದಿನವರು ತೋರಿದ ಮೆಟ್ಟಿಲುಗಳದೇ. ಮೊದಲು ಗಾಳಿ: ಉಟ್ಟು ಬಂದ ಕೋಟನ್ನು ಒಡನೆಯೇ ಮಡಿಸದೆ, ಅಗಲವಾದ ತೂಗುಕೊಂಡಿಗೆ ಹಾಕಿ ನೆರಳಿನಲ್ಲಿ ಆರಿಸುವುದು. ಎರಡನೆಯದು ಮಾರ್ಜನ: ಒಣಗಿದ ಧೂಳನ್ನು ಮೃದುವಾದ ಬ್ರಷ್ಷಿನಿಂದ ಎಳೆಯ ದಿಕ್ಕಿನಲ್ಲಿಯೇ ತೆಗೆಯುವುದು. ಮೂರನೆಯದು ಪ್ರೋಕ್ಷಣ: ಕೊರಳಪಟ್ಟಿ, ತೋಳಿನ ಅಂಚುಗಳ ಕೊಳೆಯನ್ನು ಒದ್ದೆಬಟ್ಟೆಯಿಂದ ಒತ್ತಿ ತೆಗೆಯುವುದು. ಹೆಚ್ಚಿನ ವೇಳೆ ಇಷ್ಟೇ ಸಾಕು. ಅಸ್ತರೂ ಪ್ಯಾಡೂ ಇಲ್ಲದ ಬರಿಯ ಉಣ್ಣೆಯ ಅಂಗಿಯಾದರೆ, ಒಳಮಡಿಕೆಯ ಮೂಲೆಯೊಂದರಲ್ಲಿ ಬಣ್ಣ ಬಿಡುವುದೇ ಎಂದು ಪರೀಕ್ಷಿಸಿ, ತಣ್ಣೀರಿನಲ್ಲಿ ಅಂಟುವಾಳದ ರಸವನ್ನಾಗಲಿ ಉಣ್ಣೆಗೆಂದೇ ಮಾಡಿದ ಸೌಮ್ಯವಾದ ಸಾಬೂನನ್ನಾಗಲಿ ಕಲಸಿ, ತಿಕ್ಕದೆ ಹಿಂಡದೆ ಅದ್ದಿ ತೆಗೆಯಬಹುದು. ಅನಂತರ ಟವಲಿನಲ್ಲಿ ಸುತ್ತಿ ಒತ್ತಿ, ಹಾಸಿದ ಹಾಗೆಯೇ ನೆರಳಿನಲ್ಲಿ ಒಣಗಿಸಬೇಕು. ಕಟ್ಟಡವುಳ್ಳ ಕೋಟನ್ನು ಮಾತ್ರ ಮುಳುಗಿಸಬಾರದು. ಅದನ್ನು ಕೆಲಸ ಬಲ್ಲವರಿಗೆ ಒಪ್ಪಿಸುವುದೇ ಮೇಲು.

ಮದುವೆಯ ಕೋಟೋ ತಂದೆಯ ಕೋಟೋ ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗದು. ಚೀಟಿಗೆ ಬೆದರಿ ಎಲ್ಲವನ್ನೂ ಅಂಗಡಿಗೆ ಸಾಗಿಸುವುದೂ, ಚೀಟಿಯನ್ನು ಧಿಕ್ಕರಿಸಿ ಎಲ್ಲವನ್ನೂ ನೀರಿಗೆ ನೂಕುವುದೂ ವಿಚಾರವಿಲ್ಲದವರ ಮಾರ್ಗಗಳು. ಬಟ್ಟೆಯನ್ನು ಒಳಗೂ ಹೊರಗೂ ನೋಡಿ, ಅದಕ್ಕೆ ಸಾಕಾಗುವಷ್ಟೇ ಶೌಚವನ್ನು ಮಾಡುವುದು ವಿವೇಕಿಗಳ ಮಾರ್ಗ.